ಕೈಗೆ ಗೊತ್ತು ಅಂದವರು

ಹಳ್ಳಿ ಮೇಷ್ಟ್ರುಗಳನ್ನೆಲ್ಲ ಒಂದು ಕಡೆ ಕೂಡಿಹಾಕಿ ನಾಲ್ಕು ದಿನ ತರಬೇತಿ ಕೊಡುತ್ತಿದ್ದರು. ನಾನೂ ಹೋಗಿದ್ದೆ. ಪಾಠ ಹೇಳಲು ಬಂದಾತ ಬೋರ್ಡಿನ ಮೇಲೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದ. ಎಡಗಡೆ ‘ಜ್ಞಾನ’ ಅಂತ ಬರೆದ. ಬಲಗಡೆ ‘ಕೌಶಲ’ ಅಂತ ಬರೆದ. ಉದಾಹರಣೆ ಹೇಳಿ ಅಂದ. ಡಾಕ್ಟರು, ವಕೀಲರು, ಇಂಜಿನಿಯರು, ಪಂಚಾಂಗದವರು ಎಡಕ್ಕೆ ಹೋದರು. ಕುಂಬಾರ, ಕಮ್ಮಾರ, ಅಗಸ, ಸೂಲಗಿತ್ತಿ, ಚಮ್ಮಾರ ಬಲಕ್ಕೆ ಬಂದರು. ನಾನು ಎದ್ದು, ‘ಆಪರೇಷನ್ ಮಾಡೋ ಡಾಕ್ಟರೂ ಕೈಯಲ್ಲೇ ತಾನೆ ಕುಯ್ಯೋದು? ಅವನ್ಯಾಕೆ ಎಡಕ್ಕೆ?’ ಅಂದೆ. ‘ಅದು ಬೇರೆ’ ಅಂದ. ಹೇಗೆ ಬೇರೆ ಅಂತ ಹೇಳಲಿಲ್ಲ. ಅಷ್ಟರಲ್ಲಿ ಊಟಕ್ಕೆ ಬಿಟ್ಟರು.

ನಮ್ಮಪ್ಪ ತೊಗಲು ಹದ ಮಾಡುತ್ತಿದ್ದವನು. ಆ ಗೆರೆಯ ಬಲಗಡೆಯ ವಾಸನೆ ನನಗೆ ಗೊತ್ತು. ಅವತ್ತು ಅನ್ನ ಗಂಟಲಲ್ಲಿ ಇಳಿಯಲಿಲ್ಲ ಅಂತ ನಾಟಕ ಮಾಡುವುದಿಲ್ಲ, ಚೆನ್ನಾಗಿಯೇ ಉಂಡೆ. ಆದರೆ ‘ಅದು ಬೇರೆ’ ಅನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಸಿಕ್ಕಿದ್ದನ್ನು ಓದುತ್ತಾ ಹೋದಂತೆ ತಿಳಿಯಿತು, ಆ ಗೆರೆಗೆ 2300 ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದನ್ನು ಅಳಿಸಲು ಹೊರಟವರಿದ್ದಾರೆ. ಅಳಿಸಲು ಹೋಗಿ ಇನ್ನಷ್ಟು ಗಟ್ಟಿಯಾಗಿ ಎಳೆದವರೂ ಇದ್ದಾರೆ.

ಗ್ರೀಸಿನಿಂದ ಶುರು ಮಾಡೋಣ. ಸಾಕ್ರೆಟಿಸನ ಅಪ್ಪ ಕಲ್ಲುಕುಟಿಗ ಅಂತ ಹಳಬರು ಬರೆದಿಟ್ಟಿದ್ದಾರೆ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯ ಮುಂದೆ ನಿಂತಾಗ ಅವನು ಆಡಿದ ಮಾತನ್ನು ಪ್ಲೇಟೋ ನಮಗೆ ಕೊಟ್ಟಿದ್ದಾನೆ. ನಿಜವಾಗಿ ತಿಳಿದವರು ಯಾರು ಅಂತ ಸಾಕ್ರೆಟಿಸ್ ಊರೆಲ್ಲ ಹುಡುಕಿದನಂತೆ. ರಾಜಕಾರಣಿಗಳಿಗೆ ಏನೂ ತಿಳಿದಿರಲಿಲ್ಲ. ಕವಿಗಳಿಗೆ ತಾವೇ ಬರೆದದ್ದರ ಅರ್ಥ ಬಿಡಿಸಲು ಬರಲಿಲ್ಲ. ಕಸುಬುದಾರರ ಹತ್ತಿರ ಹೋದಾಗ ಮಾತ್ರ, ಹೌದು, ನನಗೆ ತಿಳಿಯದ್ದು ಎಷ್ಟೋ ಇವರಿಗೆ ತಿಳಿದಿದೆ ಅಂತ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಒಂದು ಕೊಕ್ಕೆ ಹಾಕಿದ. ಕಸುಬು ಬಲ್ಲೆವು ಅಂತ ಇವರು ದೊಡ್ಡ ದೊಡ್ಡ ವಿಷಯಗಳನ್ನೂ ಬಲ್ಲೆವು ಅಂದುಕೊಳ್ಳುತ್ತಾರೆ, ಇದೇ ಇವರ ದೋಷ ಅಂದ. ಕಸುಬುದಾರ ಊರಿನ ವಿಷಯ ಮಾತಾಡಬಾರದೆ? ಅಥೆನ್ಸಿನ ಸಭೆಯಲ್ಲಿ ಪೌರನಾದ ಚಮ್ಮಾರನೂ ಎದ್ದು ಮಾತಾಡಬಹುದಿತ್ತು. (ಗುಲಾಮರಿಗೂ ಹೆಂಗಸರಿಗೂ ಆ ಹಕ್ಕಿರಲಿಲ್ಲ, ಅದನ್ನೂ ಹೇಳಿಬಿಡಬೇಕು.) ಪ್ಲೇಟೋಗೆ ಅದು ಹಿಡಿಸುತ್ತಿರಲಿಲ್ಲ.

ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಗೆರೆಯನ್ನು ನೇರವಾಗಿಯೇ ಎಳೆದ. ‘ಮೆಟಾಫಿಸಿಕ್ಸ್’ ಎಂಬ ಗ್ರಂಥದ ಮೊದಲ ಭಾಗದಲ್ಲೇ ಅವನು ಹೇಳುವುದು ಹೀಗೆ: ಮೇಸ್ತ್ರಿಗೆ ಕಾರಣ ಗೊತ್ತು, ಕೈಗೆಲಸದವನಿಗೆ ಕಾರಣ ಗೊತ್ತಿಲ್ಲ. ಬೆಂಕಿ ಸುಡುತ್ತದೆ, ಆದರೆ ತಾನು ಯಾಕೆ ಸುಡುತ್ತೇನೆ ಅಂತ ಬೆಂಕಿಗೆ ಗೊತ್ತೇ? ಕೈಗೆಲಸದವನೂ ಹಾಗೆಯೇ, ಬರೀ ಅಭ್ಯಾಸಬಲದಿಂದ ಮಾಡಿಕೊಂಡು ಹೋಗುತ್ತಾನೆ. ಅರಿಸ್ಟಾಟಲ್ ದಡ್ಡನಲ್ಲ. ಅನುಭವವಿಲ್ಲದೆ ಬರೀ ಸಿದ್ಧಾಂತ ಕಲಿತ ವೈದ್ಯನಿಗಿಂತ ಅನುಭವಸ್ಥನೇ ರೋಗಿಯನ್ನು ವಾಸಿ ಮಾಡುತ್ತಾನೆ ಅಂತ ಅದೇ ಪುಟಗಳಲ್ಲಿ ಒಪ್ಪುತ್ತಾನೆ. ಒಪ್ಪಿದರೂ ಮರ್ಯಾದೆ ಮಾತ್ರ ಕಾರಣ ಬಲ್ಲವನಿಗೇ. ಅಲ್ಲೇ ಇನ್ನೊಂದು ಮಾತೂ ಬಾಯಿಬಿಡುತ್ತಾನೆ. ಗಣಿತ ಈಜಿಪ್ಟಿನಲ್ಲಿ ಹುಟ್ಟಿದ್ದು ಯಾಕೆ? ಅಲ್ಲಿನ ಪುರೋಹಿತ ವರ್ಗಕ್ಕೆ ಬಿಡುವಿತ್ತು, ಅದಕ್ಕೆ. ಬಿಡುವು ಎಲ್ಲಿಂದ ಬಂತು, ಯಾರ ಬೆವರಿನಿಂದ ಬಂತು ಅಂತ ಅವನು ಕೇಳಲಿಲ್ಲ. ಗುಲಾಮ ಅಂದರೆ ಜೀವವಿರುವ ಉಪಕರಣ ಅಂತ ‘ಪಾಲಿಟಿಕ್ಸ್’ನಲ್ಲಿ ಬರೆದವನೂ ಇವನೇ. ಉಪಕರಣಕ್ಕೆ ಕಾರಣ ಯಾಕೆ ಬೇಕು?

ಇದು ಪುಸ್ತಕದ ಮಾತಾಯಿತು. ನೆಲದ ಮೇಲೆ ಈ ಗೆರೆ ಹೇಗೆ ಕೆಲಸ ಮಾಡಿತು ಅಂತ ನೋಡಬೇಕಾದರೆ ಕಾಲದಲ್ಲಿ ಬಹಳ ಮುಂದೆ ಬಂದು, ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪಕ್ಕೆ ಹೋಗಬೇಕು. ಹೆಸರು ರೀಯೂನಿಯನ್. ಫ್ರೆಂಚರ ವಸಾಹತು. ಕಬ್ಬು, ಕಾಫಿ ತೋಟಗಳು, ತೋಟಗಳಲ್ಲಿ ಗುಲಾಮರು. ಅಲ್ಲಿಗೆ ಮೆಕ್ಸಿಕೋ ಮೂಲದ ವೆನಿಲ್ಲಾ ಬಳ್ಳಿ ತಂದು ನೆಟ್ಟರು. ಬಳ್ಳಿ ಬೆಳೆಯಿತು, ಹೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. ವೆನಿಲ್ಲಾ ಹೂವಿನ ಒಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪೊರೆ ಅಡ್ಡ ಇದೆ. ಪರಾಗ ತಾನಾಗಿ ಸೇರುವುದಿಲ್ಲ. ಮೆಕ್ಸಿಕೋದ ಜೇನುಹುಳು ಈ ದ್ವೀಪದಲ್ಲಿಲ್ಲ. 1836ರಲ್ಲಿ ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ ಷಾರ್ಲ್ ಮಾರೆನ್ ಎಂಬ ಸಸ್ಯಶಾಸ್ತ್ರಿ ಗಾಜಿನ ಮನೆಯೊಳಗೆ ಕೈಯಿಂದ ಪರಾಗ ಮುಟ್ಟಿಸಿ ಕಾಯಿ ಬರಿಸಿದ್ದ. ಆ ವಿಧಾನ ತೋಟದ ಸಾವಿರಾರು ಹೂಗಳಿಗೆ ಒಗ್ಗುವಂಥದಾಗಿರಲಿಲ್ಲ.

1841ರಲ್ಲಿ ರೀಯೂನಿಯನ್ನಿನ ಒಂದು ತೋಟದಲ್ಲಿ ಯಜಮಾನ ಬೆಲ್ಲಿಯೆ ಬೋಮಾನ್ ಅಡ್ಡಾಡುತ್ತಿದ್ದಾಗ ತನ್ನ ವೆನಿಲ್ಲಾ ಬಳ್ಳಿಯಲ್ಲಿ ಕಾಯಿ ಕಂಡ. ಜೊತೆಗಿದ್ದ ಗುಲಾಮ ಹುಡುಗ ಎಡ್ಮಂಡ್, 12 ವರ್ಷದವನು, ‘ನಾನೇ ಮಾಡಿದ್ದು’ ಅಂದ. ಯಜಮಾನ ನಂಬಲಿಲ್ಲ. ಕೆಲವು ದಿನ ಬಿಟ್ಟು ಇನ್ನೊಂದು ಕಾಯಿ ಕಂಡಿತು. ಆಗ ಮಾಡಿ ತೋರಿಸು ಅಂದ. ಹುಡುಗ ಹೂವಿನ ತುಟಿ ಬಿಡಿಸಿ, ಸಣ್ಣ ಕಡ್ಡಿಯಿಂದ ಆ ಪೊರೆಯನ್ನು ಮೇಲಕ್ಕೆತ್ತಿ, ಹೆಬ್ಬೆರಳಿನಿಂದ ಗಂಡನ್ನೂ ಹೆಣ್ಣನ್ನೂ ಒತ್ತಿ ಕೂಡಿಸಿದ. ಅಷ್ಟೇ. ಕಲ್ಲಂಗಡಿ ಹೂವಿಗೆ ಪರಾಗ ಮುಟ್ಟಿಸುವುದನ್ನು ಯಜಮಾನನೇ ಹಿಂದೆ ಅವನಿಗೆ ತೋರಿಸಿದ್ದ. ಅದರಿಂದ ಹುಡುಗ ಯೋಚನೆ ಮಾಡಿದ್ದಾನೆ: ಇದಕ್ಕೂ ಗಂಡು ಹೆಣ್ಣು ಇರಬೇಕು, ಇದ್ದರೂ ಕೂಡುತ್ತಿಲ್ಲ, ಹಾಗಾದರೆ ನಡುವೆ ಏನೋ ಅಡ್ಡ ಇದೆ. ಇದಕ್ಕೆ ಕಾರಣ ಹುಡುಕುವುದು ಅನ್ನದೆ ಇನ್ನೇನು ಅನ್ನುತ್ತೀರಿ?

ಎಡ್ಮಂಡನನ್ನು ತೋಟದಿಂದ ತೋಟಕ್ಕೆ ಕರೆದೊಯ್ದು ಬೇರೆ ಗುಲಾಮರಿಗೆ ಕಲಿಸಿದರು. ದ್ವೀಪದ ದೊರೆಗಳು ದುಡ್ಡು ಕಂಡರು. ಆಮೇಲೆ ಏನಾಯಿತು ನೋಡಿ. ರಿಷಾರ್ ಎಂಬ ಹೆಸರುವಾಸಿ ಸಸ್ಯಶಾಸ್ತ್ರಿ, ‘ಇದನ್ನು ಮೊದಲು ತೋರಿಸಿದವನು ನಾನು, 1838ರಲ್ಲಿ ನಾನು ಮಾಡಿದ್ದನ್ನು ಆ ಹುಡುಗ ಮರೆಯಲ್ಲಿ ನಿಂತು ನೋಡಿರಬೇಕು’ ಅಂದ. ಕೈ ಇನ್ನೊಬ್ಬರದನ್ನು ನೋಡಿ ಕಲಿಯಬಲ್ಲದು, ತಾನಾಗಿ ಕಂಡುಹಿಡಿಯಲಾರದು ಅನ್ನುವುದು ಈ ಮಾತಿನ ಒಳಗಿನ ನಂಬಿಕೆ. ಅರಿಸ್ಟಾಟಲನ ಬೆಂಕಿ ಇಲ್ಲಿಗೂ ಬಂತು. ಬೆಲ್ಲಿಯೆ ಬೋಮಾನ್ ಹುಡುಗನ ಪರವಾಗಿ ಕಾಗದ ಬರೆದು ವಾದಿಸಿದ, ಅದು ಅವನ ದೊಡ್ಡತನ. 1848ರ ಡಿಸೆಂಬರ್ 20ರಂದು ದ್ವೀಪದ ಗುಲಾಮರ ಬಿಡುಗಡೆಯಾಯಿತು. ಎಡ್ಮಂಡನಿಗೆ ಆಲ್ಬಿಯಸ್ ಅಂತ ಮನೆತನದ ಹೆಸರು ಸಿಕ್ಕಿತು. ಹೆಸರೊಂದೇ ಸಿಕ್ಕಿದ್ದು. ಮುಂದೆ ಕಳ್ಳತನದ ಮೊಕದ್ದಮೆಯಲ್ಲಿ ಜೈಲು ಕಂಡ. ಇವನು ದ್ವೀಪಕ್ಕೆ ಮಾಡಿದ ಉಪಕಾರ ನೆನಪಿಸಿ ಬೇಡಿಕೊಂಡ ಮೇಲೆ ಶಿಕ್ಷೆ ಕಡಿಮೆಯಾಯಿತು. 1880ರಲ್ಲಿ ಬಡತನದಲ್ಲಿ ಸತ್ತ.

2000ದ ಆಸುಪಾಸಿನಲ್ಲಿ ನಮ್ಮ ಮಲೆನಾಡು, ದಕ್ಷಿಣ ಕನ್ನಡದ ಕಡೆ ವೆನಿಲ್ಲಾ ಹುಚ್ಚು ಹಿಡಿದದ್ದು ಎಷ್ಟೋ ಜನಕ್ಕೆ ನೆನಪಿರಬಹುದು. 2003ರ ಸುಮಾರಿಗೆ ಬೆಲೆ ಮುಗಿಲಿಗೆ ಹೋಗಿ, ಆಮೇಲೆ ದಡಾರನೆ ಬಿತ್ತು. ಆ ವರ್ಷಗಳಲ್ಲಿ ಬೆಳಗಾದರೆ ಕೈಯಲ್ಲಿ ಒಂದು ಕಡ್ಡಿ ಹಿಡಿದು ಹೂವಿನಿಂದ ಹೂವಿಗೆ ಹೋಗುತ್ತಿದ್ದರಲ್ಲ ಕೂಲಿಯವರು, ಅವರ ಹೆಬ್ಬೆರಳಿನ ಒತ್ತು ಎಡ್ಮಂಡನದೇ. ಹೂ ಅರಳಿರುವುದು ಒಂದೇ ದಿನ, ಮಧ್ಯಾಹ್ನದೊಳಗೆ ಮುಗಿಸಬೇಕು. ಅವರಿಗೆ ಅವನ ಹೆಸರನ್ನು ಯಾರೂ ಹೇಳಿಕೊಟ್ಟಂತಿಲ್ಲ.

ಗುಲಾಮಗಿರಿ ಹೋಯಿತು, ಕಾರ್ಖಾನೆ ಬಂತು. ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲಿ ‘ವೈಜ್ಞಾನಿಕ ಆಡಳಿತ’ ಅಂತ ಒಂದು ಪುಸ್ತಕ ಬರೆದ. ಅದರಲ್ಲಿ ಮುಚ್ಚುಮರೆ ಇಲ್ಲ. ಕೆಲಸಗಾರರ ಬಳಿ ತಲೆಮಾರುಗಳಿಂದ ಬಂದ ತಿಳಿವಳಿಕೆಯಿದೆ, ಅದನ್ನೆಲ್ಲ ಮ್ಯಾನೇಜರುಗಳು ಕೂಡಿಸಿ, ಅಳೆದು, ನಿಯಮ ಮಾಡಿ, ಆ ನಿಯಮವನ್ನು ಕೆಲಸಗಾರನಿಗೇ ವಾಪಸು ಅಪ್ಪಣೆಯಾಗಿ ಕೊಡಬೇಕು ಅಂತ ಸ್ಪಷ್ಟವಾಗಿಯೇ ಹೇಳುತ್ತಾನೆ. ಬೆತ್ಲೆಹೆಮ್ ಉಕ್ಕಿನ ಕಂಪನಿಯಲ್ಲಿ ಕಬ್ಬಿಣದ ಗಟ್ಟಿ ಹೊರುವ ಒಬ್ಬ ಕೂಲಿಯ ಕಥೆ ಅವನಿಗೆ ಬಹಳ ಪ್ರೀತಿ. ಅವನನ್ನು ಶ್ಮಿಟ್ ಅಂತ ಕರೆದ. ದಿನಕ್ಕೆ 12½ ಟನ್ ಹೊರುತ್ತಿದ್ದವನಿಂದ 47½ ಟನ್ ಹೊರಿಸಿದ. ಕೂಲಿ 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ ಏರಿತು. ಲೆಕ್ಕ ನೀವೇ ಹಾಕಿ. ಈ ಕೆಲಸಕ್ಕೆ ತಕ್ಕವನು ಬುದ್ಧಿಯಲ್ಲಿ ಎತ್ತಿನಂತಿರಬೇಕು ಅಂತ ಟೇಲರ್ ಬರೆಯುತ್ತಾನೆ. ತಮಾಷೆ ಏನೆಂದರೆ, ಅದೇ ಪುಸ್ತಕದಲ್ಲಿ, ಈ ಶ್ಮಿಟ್ ಕೆಲಸಕ್ಕೆ ಬರುವ ಮುಂಚೆ ಬೆಳಿಗ್ಗೆ, ಕೆಲಸ ಬಿಟ್ಟ ಮೇಲೆ ಸಂಜೆ, ತನ್ನ ಸ್ವಂತ ಮನೆಯ ಗೋಡೆ ಕಟ್ಟಿಕೊಳ್ಳುತ್ತಿದ್ದ ಅಂತಲೂ ಬರೆದಿದ್ದಾನೆ! ಯಾವ ಎತ್ತು ಮನೆ ಕಟ್ಟಿತು?

ಈಗ 1945ಕ್ಕೆ ಬರೋಣ. ಆ ವರ್ಷ ಗಿಲ್ಬರ್ಟ್ ರೈಲ್ ಎಂಬ ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ, ಲಂಡನ್ನಿನಲ್ಲಿ ಅರಿಸ್ಟಾಟಲನ ಹೆಸರಿನಲ್ಲೇ ಇರುವ ತತ್ವಜ್ಞರ ಸಂಘಕ್ಕೆ ಅಧ್ಯಕ್ಷ ಭಾಷಣ ಮಾಡಿದ. ಹೇಗೆಂಬ ಅರಿವು, ಏನೆಂಬ ಅರಿವು, ಇವೆರಡರ ವ್ಯತ್ಯಾಸವೇ ವಿಷಯ. ಈಜುವುದು ಹೇಗೆ ಅಂತ ತಿಳಿದಿರುವುದು ಒಂದು. ನೀರಿನಲ್ಲಿ ವಸ್ತು ಯಾಕೆ ತೇಲುತ್ತದೆ ಅನ್ನುವ ಸತ್ಯ ತಿಳಿದಿರುವುದು ಇನ್ನೊಂದು. ಮೊದಲು ತಲೆಯಲ್ಲಿ ಸಿದ್ಧಾಂತ, ಆಮೇಲೆ ಕೈಯಲ್ಲಿ ಕೆಲಸ ಅಂತ ನಂಬಿಕೊಂಡು ಬಂದಿದ್ದೇವಲ್ಲ, ಅದು ಸುಳ್ಳು ಅಂತ ಅವನು ವಾದಿಸಿದ. ಚದುರಂಗದ ಎಲ್ಲ ಸೂತ್ರಗಳನ್ನೂ ದಡ್ಡನೊಬ್ಬನಿಗೆ ಬಾಯಿಪಾಠ ಮಾಡಿಸಿ, ಅವನು ಆಗಲೂ ಸೋಲುತ್ತಾನೆ. ಯಾವ ಸೂತ್ರವನ್ನು ಯಾವಾಗ ಬಳಸಬೇಕು ಅನ್ನುವುದು ಬೇಕಲ್ಲ. ಅದಕ್ಕೂ ಒಂದು ಸೂತ್ರ ಕೊಟ್ಟರೆ, ಆ ಸೂತ್ರವನ್ನು ಯಾವಾಗ ಬಳಸಬೇಕು ಅನ್ನುವುದಕ್ಕೆ ಇನ್ನೊಂದು ಬೇಕು. ಹೀಗೆ ಹೋದರೆ ಕೊನೆಯಿಲ್ಲ, ಒಂದು ಪಗಡೆ ಕಾಯಿಯನ್ನೂ ನಡೆಸಲಾಗುವುದಿಲ್ಲ. ಆದ್ದರಿಂದ ಬುದ್ಧಿ ಇರುವುದು ಕೆಲಸದ ಹಿಂದೆ ಅಡಗಿಕೊಂಡಲ್ಲ, ಕೆಲಸದ ಒಳಗೇ. 1949ರಲ್ಲಿ ಇದನ್ನೇ ಬೆಳೆಸಿ ‘ದಿ ಕಾನ್ಸೆಪ್ಟ್ ಆಫ್ ಮೈಂಡ್’ ಎಂಬ ಪುಸ್ತಕ ಮಾಡಿದ. ಮೈಯೆಂಬ ಯಂತ್ರದೊಳಗೆ ಮನಸ್ಸೆಂಬ ಭೂತ ಕೂತಿದೆ ಅನ್ನುವ ಹಳೆಯ ನಂಬಿಕೆಗೆ ಆ ಪುಸ್ತಕ ದೊಡ್ಡ ಪೆಟ್ಟು ಕೊಟ್ಟಿತು.

ಇದನ್ನು ಮೊದಲು ಓದಿದಾಗ ನನಗೆ ಹಬ್ಬ. ಕೊನೆಗೂ ಒಬ್ಬ ಪ್ರೊಫೆಸರು ನಮ್ಮಪ್ಪನ ಕೈಯಲ್ಲೇ ಬುದ್ಧಿಯಿದೆ ಅಂದನಲ್ಲ! ಎರಡು ವರ್ಷ ಇದನ್ನೇ ಭಾಷಣಗಳಲ್ಲಿ ಹೇಳಿಕೊಂಡು ತಿರುಗಿದೆ. ಆಮೇಲೆ ವಿವಿಯನ್ ಥಾಮಸನ ಕಥೆ ಓದಿದೆ. ಹಬ್ಬ ಮುಗಿಯಿತು.

ರೈಲ್ ಕೊಡುವ ಉದಾಹರಣೆಗಳಲ್ಲಿ ಶಸ್ತ್ರವೈದ್ಯನದೂ ಒಂದು. ವೈದ್ಯಶಾಸ್ತ್ರ ತಿಳಿಯದವನು ಒಳ್ಳೆಯ ಶಸ್ತ್ರವೈದ್ಯನಾಗಲಾರ, ಆದರೆ ಶಾಸ್ತ್ರ ತಿಳಿದಿರುವುದೇ ಶಸ್ತ್ರಕೌಶಲವಲ್ಲ, ಅವನಿಗೆ ಎರಡೂ ಬೇಕು ಅನ್ನುತ್ತಾನೆ. ಸರಿಯಾದ ಮಾತು. ರೈಲ್ ಆ ಭಾಷಣ ಮಾಡಿದ ಹೊತ್ತಿಗೆ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಎರಡೂ ಇದ್ದ ಒಬ್ಬ ಮನುಷ್ಯ ಇದ್ದ. ಅವನನ್ನು ವೈದ್ಯ ಅಂತ ಯಾರೂ ಕರೆಯುತ್ತಿರಲಿಲ್ಲ.

ವಿವಿಯನ್ ಥಾಮಸ್ 1910ರಲ್ಲಿ ಹುಟ್ಟಿದ ಕರಿಯ. ಅಪ್ಪ ಬಡಗಿ, ಮಗನೂ ಅದೇ ಕಸುಬು ಕಲಿತ. ಡಾಕ್ಟರಾಗಬೇಕು ಅಂತ ದುಡ್ಡು ಕೂಡಿಹಾಕಿದ್ದ. ಆರ್ಥಿಕ ಮುಗ್ಗಟ್ಟಿನಲ್ಲಿ ಬ್ಯಾಂಕು ಮುಳುಗಿ ದುಡ್ಡೆಲ್ಲ ಹೋಯಿತು. 1930ರಲ್ಲಿ ನ್ಯಾಶ್‌ವಿಲ್ಲಿನ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಎಂಬ ಬಿಳಿಯ ಶಸ್ತ್ರವೈದ್ಯನ ಪ್ರಯೋಗಶಾಲೆಗೆ ಸೇರಿದ. ಮಾಡುತ್ತಿದ್ದದ್ದು ಸಂಶೋಧನೆ. ಕಡತದಲ್ಲಿ ಅವನ ಹುದ್ದೆ ಕಸ ಗುಡಿಸುವವನದು, ಸಂಬಳವೂ ಅದೇ. 1941ರಲ್ಲಿ ಬ್ಲೇಲಾಕ್ ಬಾಲ್ಟಿಮೋರಿಗೆ ಹೋದಾಗ ಥಾಮಸನನ್ನೂ ಕರೆದುಕೊಂಡು ಹೋದ. ಅವನಿಲ್ಲದೆ ತನ್ನ ಕೆಲಸ ನಡೆಯುವುದಿಲ್ಲ ಅಂತ ಬ್ಲೇಲಾಕನಿಗೆ ಗೊತ್ತಿತ್ತು.

ಕೆಲವು ಮಕ್ಕಳು ಹುಟ್ಟುವಾಗಲೇ ಹೃದಯದ ದೋಷದಿಂದ ಹುಟ್ಟುತ್ತವೆ. ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ಹೋಗುವುದಿಲ್ಲ. ತುಟಿ, ಉಗುರು, ಮೈ ನೀಲಿಗಟ್ಟುತ್ತದೆ. ನಾಲ್ಕು ಹೆಜ್ಜೆ ನಡೆದರೆ ಕುಕ್ಕರಿಸುತ್ತವೆ. ಮಕ್ಕಳ ಹೃದಯವೈದ್ಯೆ ಹೆಲೆನ್ ಟಾಸಿಗ್, ಶ್ವಾಸಕೋಶಕ್ಕೆ ಹೇಗಾದರೂ ಹೆಚ್ಚು ರಕ್ತ ಹರಿಸಬಹುದೇ ಅಂತ ಬ್ಲೇಲಾಕನನ್ನು ಕೇಳಿದಳು. ಅದರ ಕೆಲಸ ಥಾಮಸನ ಪಾಲಿಗೆ ಬಂತು. ಮೊದಲು ನಾಯಿಗಳಲ್ಲಿ ಅದೇ ನೀಲಿ ರೋಗ ಬರುವಂತೆ ಮಾಡಬೇಕು. ಆಮೇಲೆ ತೋಳಿಗೆ ಹೋಗುವ ಅಪಧಮನಿಯನ್ನು ತಿರುಗಿಸಿ ಶ್ವಾಸಕೋಶದ ಅಪಧಮನಿಗೆ ಹೊಲಿಯಬೇಕು. ಸುಮಾರು 200 ನಾಯಿಗಳ ಮೇಲೆ ಪ್ರಯೋಗ. ತಕ್ಕ ಸೂಜಿ, ಚಿಮಟ ಇರಲಿಲ್ಲ, ಅವನ್ನೂ ತಾನೇ ತಿದ್ದಿ ಮಾಡಿಕೊಂಡ.

1944ರ ನವೆಂಬರ್ 29. ಐಲೀನ್ ಸ್ಯಾಕ್ಸನ್ ಎಂಬ ಪುಟ್ಟ ಹೆಣ್ಣುಮಗು ಮೇಜಿನ ಮೇಲೆ. ಕತ್ತರಿ ಹಿಡಿದವನು ಬ್ಲೇಲಾಕ್. ಆ ಆಪರೇಷನ್ನನ್ನು ಅವನು ಅದಕ್ಕೆ ಮುಂಚೆ ನಾಯಿಯ ಮೇಲೆ ಮಾಡಿದ್ದು ಒಂದೇ ಸಲ, ಅದೂ ಥಾಮಸನಿಗೆ ಸಹಾಯಕನಾಗಿ ನಿಂತು. ಥಾಮಸ್ ಬ್ಲೇಲಾಕನ ಬಲ ಹೆಗಲ ಹಿಂದೆ ಒಂದು ಮಣೆಯ ಮೇಲೆ ನಿಂತು, ಹೊಲಿಗೆ ಎಲ್ಲಿ, ಯಾವ ದಿಕ್ಕಿಗೆ ಅಂತ ಹೇಳುತ್ತಾ ಹೋದ. ಇದನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಡಿಗ್ರಿ ಇದ್ದವನು ಕೈಯಲ್ಲಿ ಮಾಡುತ್ತಿದ್ದಾನೆ. ಕಸ ಗುಡಿಸುವವನ ಸಂಬಳದಿಂದ ಶುರು ಮಾಡಿದವನು ಬಾಯಲ್ಲಿ ಹೇಳುತ್ತಿದ್ದಾನೆ. ಆ ಹೊತ್ತಿನಲ್ಲಿ ಸಿದ್ಧಾಂತ ಯಾರದು, ಕೈಗೆಲಸ ಯಾರದು? ಆ ಮಗು ಮುಂದೆ ಕೆಲವು ತಿಂಗಳಿಗೆ ತೀರಿಕೊಂಡಿತು. ಆದರೆ ದಾರಿ ತೆರೆದಿತ್ತು, ಸಾವಿರಾರು ಮಕ್ಕಳು ಬದುಕಿದವು.

1945ರ ಮೇ ತಿಂಗಳಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಲೇಖನ ಬಂತು. ಬರೆದವರು ಬ್ಲೇಲಾಕ್ ಮತ್ತು ಟಾಸಿಗ್. ಥಾಮಸನ ಹೆಸರಿಲ್ಲ. ಆಪರೇಷನ್ನಿಗೆ ‘ಬ್ಲೇಲಾಕ್-ಟಾಸಿಗ್’ ಅಂತಲೇ ಹೆಸರಾಯಿತು. ಆ ವರ್ಷಗಳಲ್ಲಿ ಸಂಬಳ ಸಾಲದೆ, ಬ್ಲೇಲಾಕನ ಮನೆಯ ಪಾರ್ಟಿಗಳಲ್ಲಿ ಥಾಮಸ್ ಮದ್ಯ ಹಂಚುವ ಕೆಲಸವನ್ನೂ ಮಾಡಿದ. ಬೆಳಿಗ್ಗೆ ತಾನೇ ಹೊಲಿಗೆ ಹೇಳಿಕೊಟ್ಟ ಡಾಕ್ಟರುಗಳಿಗೆ ಸಂಜೆ ಲೋಟ ತುಂಬಿಕೊಡುವುದು.

ಒಂದು ಸಲ ನಾಯಿಯ ಹೃದಯದೊಳಗೆ ಥಾಮಸ್ ಮಾಡಿದ್ದ ಕೆಲಸವನ್ನು ಬ್ಲೇಲಾಕ್ ಬೆರಳಾಡಿಸಿ ನೋಡಿ, ದೇವರೇ ಮಾಡಿದ ಹಾಗಿದೆ ಅಂತ ಹೊಗಳಿದನಂತೆ. ಬಂಗಾರದ ಕೈ, ದೇವರ ಕೈ. ಈ ಹೊಗಳಿಕೆಯ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಥಾಮಸನಿಗೆ ಗೊತ್ತಿದ್ದದ್ದು ಬರೀ ಹೊಲಿಗೆಯಲ್ಲ. ಇಂಥ ಕಡೆ ರಕ್ತ ಇಷ್ಟು ಕಡಿಮೆಯಾದರೆ ಮೈ ನೀಲಿಯಾಗುತ್ತದೆ ಎಂಬುದು, ಈ ನಾಳವನ್ನು ಇಷ್ಟು ಹೊತ್ತು ಕಟ್ಟಿದರೆ ಪ್ರಾಣಿ ತಡೆಯುತ್ತದೆ ಎಂಬುದು, ನಾಯಿಗೆ ಒಗ್ಗಿದ ಅಳತೆ ಮಗುವಿಗೆ ಒಗ್ಗದು ಎಂಬುದು. ಇವೆಲ್ಲ ‘ಏನು’ಗಳು, ಸತ್ಯಗಳು, ಕಾರಣಗಳು. ಅವನ ಕೈಯನ್ನು ದೇವರ ಮಟ್ಟಕ್ಕೆ ಏರಿಸಿ ತಲೆಯನ್ನು ಲೇಖನದಿಂದ ಬಿಟ್ಟರು. ಕೈಯನ್ನು ಹೊಗಳಲು ಖರ್ಚಿಲ್ಲ. ತಲೆ ಇದೆ ಅಂತ ಒಪ್ಪಿದರೆ ಹೆಸರು ಹಾಕಬೇಕು, ಹುದ್ದೆ ಕೊಡಬೇಕು, ಸಂಬಳ ಕೊಡಬೇಕು. 1976ರಲ್ಲಿ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಅದೂ ವೈದ್ಯಶಾಸ್ತ್ರದಲ್ಲಲ್ಲ, ಕಾನೂನಿನಲ್ಲಿ! 1985ರಲ್ಲಿ ತೀರಿಕೊಂಡ. ಈಚಿನ ವರ್ಷಗಳಲ್ಲಿ ಆ ಆಪರೇಷನ್ನನ್ನು ಎಷ್ಟೋ ವೈದ್ಯರು ‘ಬ್ಲೇಲಾಕ್-ಥಾಮಸ್-ಟಾಸಿಗ್’ ಅಂತ ಮೂರು ಹೆಸರು ಸೇರಿಸಿ ಕರೆಯುತ್ತಿದ್ದಾರೆ.

ಇಲ್ಲಿ ರೈಲನ ತಪ್ಪಿಲ್ಲ. ಅವನು ಕೈಯ ಅರಿವಿಗೆ ಮರ್ಯಾದೆ ಕೊಡಲು ಹೊರಟವನೇ. ಆದರೆ ‘ಇದು ಬೇರೆಯೇ ಥರದ ಅರಿವು’ ಅಂತ ಅವನು ಮರ್ಯಾದೆ ಕೊಟ್ಟ ಮಾತು, ನಮ್ಮ ತರಬೇತಿ ಶಿಬಿರದವನ ಬಾಯಲ್ಲಿ ‘ಅದು ಬೇರೆ’ ಆಗಿಬಿಡುತ್ತದೆ.

2001ರಲ್ಲಿ ಜೇಸನ್ ಸ್ಟ್ಯಾನ್ಲಿ, ತಿಮೋತಿ ವಿಲಿಯಮ್ಸನ್ ಎಂಬಿಬ್ಬರು ರೈಲನ ಮೇಲೆ ತಿರುಗಿಬಿದ್ದರು. ಬಾವಿ ಎಲ್ಲಿದೆ ಅಂತ ಗೊತ್ತು, ಬಸ್ಸು ಯಾವಾಗ ಬರುತ್ತೆ ಅಂತ ಗೊತ್ತು, ಕಳ್ಳ ಯಾರು ಅಂತ ಗೊತ್ತು ಅನ್ನುತ್ತೇವೆ. ಇವೆಲ್ಲ ಸತ್ಯಾಂಶಗಳನ್ನು ತಿಳಿದಿರುವುದೇ. ಹಾಗಿರುವಾಗ ಸೈಕಲ್ ಹೇಗೆ ತುಳಿಯಬೇಕು ಅಂತ ಗೊತ್ತು ಅನ್ನುವುದೊಂದು ಮಾತ್ರ ಬೇರೆ ಜಾತಿ ಹೇಗಾಗುತ್ತದೆ? ಅದೂ ಒಂದು ಸತ್ಯವನ್ನು ತಿಳಿದಿರುವುದೇ: ಸೈಕಲ್ ತುಳಿಯುವ ರೀತಿ ಇದು ಎಂಬ ಸತ್ಯ. (ಉದಾಹರಣೆಗಳು ನನ್ನವು, ವಾದ ಅವರದು.) ತತ್ವಶಾಸ್ತ್ರದವರು ಇಪ್ಪತ್ತು ವರ್ಷ ಇದರ ಮೇಲೆ ಕಾದಾಡಿದರು. 2012ರಲ್ಲಿ ಸ್ಟ್ಯಾನ್ಲಿ ಪತ್ರಿಕೆಯೊಂದರಲ್ಲಿ ಬರೆಯುತ್ತಾ, ಈ ಭೇದವನ್ನು ಸಮಾಜದ ಮೇಲು ಕೀಳಿಗೆ ತಳುಕು ಹಾಕಿದ. ಕೈಗೆಲಸದ ವರ್ಗವನ್ನು ಬುದ್ಧಿಯ ವರ್ಗದಿಂದ ಬೇರೆ ಇಡಲು ಈ ಗೆರೆ ಅನುಕೂಲ ಅಂತ. ಆಗ ನನಗೆ ಮತ್ತೆ ಸ್ವಲ್ಪ ಹಬ್ಬವಾಯಿತು. ಈ ಸಲ ಹುಷಾರಾಗಿದ್ದೆ.

ಹುಷಾರಾಗಿರಬೇಕಾದ್ದು ಯಾಕೆಂದರೆ, ಗೆರೆ ಪೂರ್ತಿ ಸುಳ್ಳಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬುವನಿಗೆ ಮೂರ್ಛೆರೋಗ ಹೋಗಲೆಂದು ಮಿದುಳಿನ ಒಂದು ಭಾಗ ತೆಗೆದರು. ಅಂದಿನಿಂದ ಹೊಸ ಸಂಗತಿ ಯಾವುದೂ ಅವನ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ಮಾತ್ರ ಕೈ ನೋಡಿಕೊಂಡು ನಕ್ಷತ್ರದ ಚಿತ್ರ ತಿದ್ದುವ ಕೆಲಸ ಕೊಟ್ಟಳು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಪ್ರತಿದಿನವೂ, ಇದನ್ನು ಹಿಂದೆ ಎಂದೂ ಮಾಡಿದ ನೆನಪೇ ಅವನಿಗಿಲ್ಲ! ಅಂದಮೇಲೆ ಕೈ ಪಳಗುವುದೂ ಸಂಗತಿ ನೆನಪಿಡುವುದೂ ಒಂದೇ ಅಲ್ಲ, ಮಿದುಳಿನಲ್ಲೇ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಇದನ್ನು ಒಪ್ಪಬೇಕು.

ಒಪ್ಪಿಯೂ ಕೇಳಬೇಕಾದ ಪ್ರಶ್ನೆ: ಆ ಗೆರೆ ಇರುವುದು ಎಲ್ಲಿ? ಒಬ್ಬೊಬ್ಬ ಮನುಷ್ಯನ ಒಳಗೆ. ಬ್ಲೇಲಾಕನ ಒಳಗೂ ಇತ್ತು, ಥಾಮಸನ ಒಳಗೂ ಇತ್ತು, ನಮ್ಮಪ್ಪನ ಒಳಗೂ ಇತ್ತು. ಇವರು ಮಾಡಿದ್ದೇನೆಂದರೆ, ಮನುಷ್ಯನ ಒಳಗಿನ ಗೆರೆಯನ್ನು ಕಿತ್ತು ತಂದು ಮನುಷ್ಯ ಮನುಷ್ಯರ ನಡುವೆ ಎಳೆದರು. ಮೇಲಿನವನ ಕೈಚಳಕವೂ ಜ್ಞಾನ, ಕೆಳಗಿನವನ ಜ್ಞಾನವೂ ಕೈಚಳಕ. ಜಾತಿ ಕೆಲಸಗಳನ್ನಷ್ಟೇ ಹಂಚಿಲ್ಲ, ಕೆಲಸಗಾರರನ್ನೇ ಹೋಳು ಮಾಡಿ ಒಬ್ಬರ ಮೇಲೆ ಒಬ್ಬರನ್ನಿಟ್ಟಿದೆ ಅಂತ ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟಿದ್ದರು. ಅರಿವಿಗೂ ಆದದ್ದು ಇದೇ. 2002ರಲ್ಲಿ ಗೋಪಾಲ್ ಗುರು ಸಮಾಜವಿಜ್ಞಾನಗಳ ಬಗ್ಗೆ ಬರೆದ ಲೇಖನದಲ್ಲಿ, ಸಿದ್ಧಾಂತ ಕಟ್ಟುವುದು ಬ್ರಾಹ್ಮಣರ ಪಾಲು, ಅನುಭವ ಒದಗಿಸುವುದು ಶೂದ್ರರ ಪಾಲು ಎಂಬಂತಾಗಿದೆ ಅಂತ ಕಟುವಾಗಿ ಹೇಳಿದರು. ನಮ್ಮ ವೇದಿಕೆಗಳಲ್ಲೂ ದಲಿತ ಹುಡುಗ ಎದ್ದರೆ ‘ನಿನ್ನ ಅನುಭವ ಹೇಳಪ್ಪ’ ಅನ್ನುತ್ತಾರೆ. ವಿಶ್ಲೇಷಣೆಗೆ ಇನ್ನೊಬ್ಬರು ಕಾದಿರುತ್ತಾರೆ. ನಾವೂ ‘ನಮ್ಮದು ಅನುಭವದ ಸಾಹಿತ್ಯ’ ಅಂತ ಎದೆ ತಟ್ಟಿಕೊಂಡಾಗ ಬಲಗಡೆಯ ಕಾಲಮ್ಮಿಗೆ ನಾವಾಗಿಯೇ ಹೋಗಿ ನಿಂತಂತಾಗುತ್ತದೆ.

ಕನ್ನಡದಲ್ಲಿ ಒಂದು ವಿಚಿತ್ರವಿದೆ. ‘ಬಲ್ಲವರು’ ಅಂದರೆ ತಿಳಿದವರು. ‘ಮಾಡಬಲ್ಲೆ’ ಅಂದರೆ ಮಾಡಲು ಬರುತ್ತದೆ. ಎರಡಕ್ಕೂ ಒಂದೇ ಮಾತು. ಇಂಗ್ಲಿಷಿನವರು ಇಷ್ಟೊಂದು ಕಾದಾಡುವ ಎರಡು ಅರಿವುಗಳನ್ನು ನಮ್ಮ ಹಿಂದಿನವರು ಒಂದೇ ಬೇರಿಗೆ ಕಟ್ಟಿದ್ದಾರೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಇದೇ ಭಾಷೆಯಾಡಿದ ಊರುಗಳಲ್ಲೇ ಗೆರೆ ಎಷ್ಟು ಆಳವಾಗಿತ್ತು ಅಂತ ಕೇರಿಯವರಿಗೆ ಹೇಳಬೇಕಾಗಿಲ್ಲ.

ಅಪ್ಪನ ಮಾತಿಗೆ ಬರುತ್ತೇನೆ. ತೊಗಲಿನ ಕೂದಲು ತೆಗೆಯಲು ಸುಣ್ಣದ ಗುಂಡಿಗೆ ಹಾಕುತ್ತಿದ್ದ. ಹೊಸ ಸುಣ್ಣದ ನೀರಿಗಿಂತ ಬಳಸಿದ ಹಳೇ ನೀರಿನಲ್ಲಿ ಕೂದಲು ಬೇಗ ಬಿಡುತ್ತೆ ಅನ್ನುತ್ತಿದ್ದ. ತೀರ ಹಳೇದಾದರೆ ತೊಗಲೇ ಸಡಿಲವಾಗುತ್ತೆ. ಸುಣ್ಣ ಪೂರ್ತಿ ತೊಳೆಯದೆ ತಂಗಡಿ ಚಕ್ಕೆಯ ನೀರಿಗೆ ಹಾಕಿದರೆ ಕಪ್ಪಾಗಿ ಪೆಡಸಾಗುತ್ತೆ. ಆಮೇಲೆ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಚಕ್ಕೆ ತುಂಬಿ, ನೀರು ಹುಯ್ದು ನೇತುಹಾಕುತ್ತಿದ್ದ. ಸೋರಿದ ನೀರನ್ನು ಮತ್ತೆ ಮೇಲೆ ಹುಯ್ಯುವುದು. ಕೆಲವು ದಿನ ಬಿಟ್ಟು ತಲೆಕೆಳಗು ಮಾಡಿ ಕಟ್ಟುವುದು, ಇಲ್ಲದಿದ್ದರೆ ಮೇಲಿನ ತುದಿ ಹಸಿಯಾಗಿಯೇ ಉಳಿಯುತ್ತೆ. ಚಕ್ಕೆಯ ನೀರನ್ನು ನಾಲಿಗೆಗಿಟ್ಟು ಒಗರು ಎಷ್ಟಿದೆ ನೋಡುತ್ತಿದ್ದ. ಇದರಲ್ಲಿ ಯಾವುದು ಕೈ, ಯಾವುದು ತಲೆ?

1803ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಿ ಹಂಫ್ರಿ ಡೇವಿ ಈ ಒಗರು ವಸ್ತುಗಳ ಬಗ್ಗೆಯೇ ದೊಡ್ಡ ಲೇಖನ ಬರೆದ. ಬೊಂಬಾಯಿ, ಬಂಗಾಳಗಳಿಂದ ಹೋದ ಕಾಚನ್ನು ಪರೀಕ್ಷಿಸಿ, ತೊಗಲು ಹದ ಮಾಡಲು ಅದು ಬಹಳ ಶಕ್ತಿಶಾಲಿ ಅಂತ ತೋರಿಸಿದ. ಹದಗಾರರು ಮತ್ತೆ ಮತ್ತೆ ಮಾಡಿ ನೋಡಿ ಮುಟ್ಟಿರುವ ಮಟ್ಟವನ್ನು ಸಿದ್ಧಾಂತ ಸದ್ಯಕ್ಕೆ ಬಹಳ ಮುಂದೆ ಒಯ್ಯಲಾರದು ಎಂಬರ್ಥದ ಮಾತನ್ನೂ ಪ್ರಾಮಾಣಿಕವಾಗಿ ಬರೆದ. ಡೇವಿ ಮಾಡಿದ್ದು ರಸಾಯನಶಾಸ್ತ್ರ. ನಮ್ಮಪ್ಪ ನಾಲಿಗೆಯಲ್ಲಿ ಮಾಡಿದ್ದು ಕುಲಕಸುಬು.

ಇದನ್ನು ಓದಿ ಯಾರಾದರೂ ‘ಹಾಗಾದರೆ ಆ ವಿದ್ಯೆ ಉಳಿಸಿಕೊಳ್ಳಿ’ ಅನ್ನಲು ಬಂದರೆ, ಬೇಡ. ಸತ್ತ ದನ ಹೊರುವುದನ್ನು ಬಿಡಿ ಅಂತ ಬಾಬಾಸಾಹೇಬರು ಹೇಳಿದ್ದು ಸರಿ. ಅಪ್ಪನೂ ನನಗೆ ಆ ಗುಂಡಿ ಮುಟ್ಟಗೊಡಲಿಲ್ಲ. ಹೊಟ್ಟೆಪಾಡಿಗೆ, ಬೇರೆ ದಾರಿ ಬಿಡದೆ ಮಾಡಿಸಿದ ಕೆಲಸವನ್ನು ಕಲೆ ಅಂತ ಹೊಗಳುವುದು ಸುಲಭ. ನಾನು ಕೇಳುತ್ತಿರುವುದು ಕಸುಬಿನ ಉಳಿವಲ್ಲ, ಅದರೊಳಗಿದ್ದ ತಿಳಿವಳಿಕೆಯ ಲೆಕ್ಕ.

ಹೋದ ವರ್ಷ ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ಮನೆಕೆಲಸ ಕೊಟ್ಟೆ. ಮನೆಯಲ್ಲಿ ದೊಡ್ಡವರಿಗೆ ಗೊತ್ತಿರುವುದನ್ನು ಬರೆದುಕೊಂಡು ಬನ್ನಿ ಅಂದೆ. ‘ಗೋಡೆ ಕಟ್ಟಲು ಬರುತ್ತೆ’, ‘ಬಿತ್ತಲು ಬರುತ್ತೆ’ ಅಂತ ಬರೆಯಬಾರದು, ‘ಇಂಥದು ಹೀಗಿದೆ’ ಅಂತ ಬರೆಯಬೇಕು. ಮೊದಲ ದಿನ ಯಾರೂ ಏನೂ ತರಲಿಲ್ಲ. ‘ನಮ್ಮನೇಲಿ ಯಾರೂ ಓದಿಲ್ಲ ಸಾ’ ಅಂದರು. ಎರಡನೇ ದಿನ ಒಬ್ಬ ಹುಡುಗ, ಮಣ್ಣಿನ ಗೋಡೆಯ ಕೆಳಗಿನ ವರಸೆ ಒಣಗುವ ಮುಂಚೆ ಮೇಲಿನದು ಇಟ್ಟರೆ ಕೆಳಗಿನದು ಉಬ್ಬಿ ಕುಸಿಯುತ್ತದೆ ಅಂತ ಬರೆದುಕೊಂಡು ಬಂದ. ಮೂರನೇ ದಿನ, ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂರುವ ಒಂದು ಹುಡುಗಿ ಪುಸ್ತಕ ತಂದುಕೊಟ್ಟಳು. ಅವಳ ಅಜ್ಜಿ ಸೂಲಗಿತ್ತಿ. ಒಂದೇ ವಾಕ್ಯ ಬರೆದಿದ್ದಳು: ಮಗು ಹುಟ್ಟಿದ ಮೇಲೆ ಮಾಸು ಪೂರಾ ಬಂತಾ ಅಂತ ಬಿಡಿಸಿ ನೋಡಬೇಕು, ಒಂದು ಚೂರು ಒಳಗೆ ಉಳಿದರೂ ರಕ್ತ ನಿಲ್ಲುವುದಿಲ್ಲ.

ಎರಡು ಕಾಗುಣಿತ ತಪ್ಪಿದ್ದವು. ತಿದ್ದಿ ಕೊಟ್ಟೆ.